ನಾಲ್ಕು ಸಾವಿರ ಜನರಲ್ಲಿ ಹನ್ನೊಂದು ಮಂದಿ: ಹಾಕಿ ಹಬ್ಬದ ‘ಆಲ್ ಸ್ಟಾರ್’ ತಂಡ ಆರಿಸುವ ಲೆಕ್ಕ

ಕೊಡಗಿನ ಕೊಡವ ಕುಟುಂಬಗಳು ಕುಟುಂಬಕ್ಕೊಂದು ತಂಡ ಕಟ್ಟಿ ಆಡುವ ಹಾಕಿ ಹಬ್ಬದ ಫೈನಲ್ ಮುಗಿದು ಶಾಮಿಯಾನ ಬಿಚ್ಚುವ ಮೊದಲೇ ವಾಟ್ಸಾಪ್ ಗುಂಪುಗಳಲ್ಲಿ ‘ಈ ಸಲದ ಬೆಸ್ಟ್ ಇಲೆವೆನ್’ ಪಟ್ಟಿಗಳು ಓಡಾಡತೊಡಗುತ್ತವೆ. ಒಂದರಲ್ಲಿ ಆರು ಮಂದಿ ಫಾರ್ವರ್ಡ್‌ಗಳು. ಇನ್ನೊಂದರಲ್ಲಿ ಗೋಲ್‌ಕೀಪರೇ ಇಲ್ಲ. ಮತ್ತೊಂದರಲ್ಲಿ ಎಂಟು ಮಂದಿ ಪಟ್ಟಿ ಬರೆದವರ ಒಕ್ಕದವರೇ, ಅಂದರೆ ಕುಟುಂಬದವರೇ. ಆಮೇಲೆ ಜಗಳ ಶುರು. ಜಗಳ ಹೆಸರುಗಳ ಮೇಲೆ ನಡೆಯುತ್ತದೆ, ಆದರೆ ಅದರ ಬೇರು ಹೆಸರಿನಲ್ಲಿಲ್ಲ. ಪ್ರತಿಯೊಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಬರೆದಿರುತ್ತಾರೆ. ಪ್ರಶ್ನೆ ಯಾವುದು, ಅಳತೆಗೋಲು ಯಾವುದು ಎಂದು ಮೊದಲೇ ಗೊತ್ತುಮಾಡಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಉಳಿದರ್ಧ ಇರಲಿ, ಅದಿಲ್ಲದಿದ್ದರೆ ಹಬ್ಬ ಸಪ್ಪೆ.

ಆಲ್ ಸ್ಟಾರ್ ಎಂದರೆ ಏನು?

ಒಂದು ಲೀಗ್ ಅಥವಾ ಟೂರ್ನಿಯ ಎಲ್ಲ ತಂಡಗಳಿಂದ ಉತ್ತಮರನ್ನು ಆಯ್ದು ಕಟ್ಟುವ ಒಂದೇ ತಂಡಕ್ಕೆ ಆಲ್ ಸ್ಟಾರ್ ತಂಡ ಎಂದು ಹೆಸರು. ಈ ಕಲ್ಪನೆಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಬೇಸ್‌ಬಾಲ್. 1933ರ ಜುಲೈ 6ರಂದು ಶಿಕಾಗೊದಲ್ಲಿ ಅಲ್ಲಿನ ಎರಡು ದೊಡ್ಡ ಲೀಗ್‌ಗಳ ಆಯ್ದ ಆಟಗಾರರು ಎದುರುಬದುರಾಗಿ ಮೊದಲ ಆಲ್ ಸ್ಟಾರ್ ಪಂದ್ಯ ಆಡಿದರು. ಅಂದಿನಿಂದ ಇಂದಿನವರೆಗೂ ಆ ಆಯ್ಕೆಯ ಬಗ್ಗೆ ತಕರಾರು ನಿಂತಿಲ್ಲ. ಅಲ್ಲಿನವರು ಎಡವಿದ ಜಾಗಗಳು ನಮಗೆ ಪಾಠವಾಗುತ್ತವೆ.

ಆಲ್ ಸ್ಟಾರ್ ತಂಡಕ್ಕೆ ಎರಡು ಅರ್ಥ ಕೊಡಬಹುದು. ‘ಈ ಟೂರ್ನಿಯಲ್ಲಿ ಅತಿ ಚೆನ್ನಾಗಿ ಆಡಿದವರು’ ಎಂಬುದು ಒಂದು. ‘ಟೂರ್ನಿಯಲ್ಲಿ ಆಡಿದವರ ಪೈಕಿ ಅತಿ ಉತ್ತಮ ಆಟಗಾರರು’ ಎಂಬುದು ಇನ್ನೊಂದು. ಕೇಳಲು ಒಂದೇ ಅನ್ನಿಸಿದರೂ ಎರಡೂ ಬೇರೆ. ರಾಷ್ಟ್ರೀಯ ತಂಡದಲ್ಲಿ ಆಡಿದವರು ರಜೆಗೆ ಊರಿಗೆ ಬಂದು ಕುಟುಂಬದ ಪರ ಎರಡು ಪಂದ್ಯ ಸುಮಾರಾಗಿ ಆಡಿದರು ಎಂದುಕೊಳ್ಳಿ. ಎರಡನೆಯ ಅರ್ಥದಲ್ಲಿ ಅವರಿಗೆ ಜಾಗ ಉಂಟು, ಮೊದಲನೆಯದರಲ್ಲಿ ಇಲ್ಲ. ಈ ಲೇಖನ ಹಿಡಿದಿರುವುದು ಮೊದಲ ಅರ್ಥವನ್ನು. ಹೆಸರಿಗೆ ಅಂಕವಿಲ್ಲ, ಈ ಸಲ ಆಡಿದ ಆಟಕ್ಕೆ ಮಾತ್ರ.

ನಾಕೌಟ್ ತಂದಿಡುವ ತೊಡಕು

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಈ ಹಬ್ಬ ಶುರುಮಾಡಿದಾಗ ಆಡಿದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡಗಳಿದ್ದವು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ಗೆ ಆ ಸಂಖ್ಯೆ 396ಕ್ಕೆ ಏರಿತು. ತಂಡಕ್ಕೆ ಹನ್ನೊಂದೇ ಮಂದಿ ಎಂದು ಹಿಡಿದರೂ 4,356 ಜನ.

ನಾಕೌಟ್ ಎಂದರೆ ಸೋತವರು ಮನೆಗೆ. ಪ್ರತಿ ಪಂದ್ಯ ಒಂದು ತಂಡವನ್ನು ಹೊರಹಾಕುತ್ತದೆ, ಕೊನೆಗೆ ಒಂದು ತಂಡ ಉಳಿಯಬೇಕು. ಹಾಗಾಗಿ 396 ತಂಡಗಳಿಗೆ 395 ಪಂದ್ಯ. ಸುತ್ತುಗಳ ಲೆಕ್ಕ ಹೀಗೆ: 256, 128, 64, 32, 16, 8, 4, 2 ಎಂದು ಅರ್ಧರ್ಧ ಆಗುತ್ತ ಹೋಗಲು ಮೊದಲು 396 ತಂಡಗಳು 256ಕ್ಕೆ ಇಳಿಯಬೇಕು. ‘ಬೈ’ಗಳನ್ನೆಲ್ಲ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಮೊದಲ ಸುತ್ತಿನಲ್ಲೇ ಕೊಟ್ಟರೆ 280 ತಂಡಗಳು 140 ಪಂದ್ಯ ಆಡುತ್ತವೆ, 116 ತಂಡಗಳು ಆಡದೆಯೇ ಮುಂದೆ ಹೋಗುತ್ತವೆ. ಕಪ್ ಗೆದ್ದವರು ಎಂಟು ಅಥವಾ ಒಂಬತ್ತು ಪಂದ್ಯ ಆಡಿರುತ್ತಾರೆ. ಕನಿಷ್ಠ 140 ತಂಡಗಳು ಆಡಿದ್ದು ಒಂದೇ ಪಂದ್ಯ.

ತೊಡಕು ಇಲ್ಲೇ ಇದೆ. ಎಲ್ಲ ತಂಡಗಳೂ ಸಮನಾಗಿ ಆಡುವ ಲೀಗ್‌ನಲ್ಲಿ ಒಟ್ಟು ಗೋಲು ನೋಡಿದರೆ ಬಹುಮಟ್ಟಿಗೆ ಸಾಕು. ನಾಕೌಟ್‌ನಲ್ಲಿ ಹಾಗಲ್ಲ. ಬರೀ ಒಟ್ಟು ಗೋಲು ನೋಡಿದರೆ ಒಂಬತ್ತು ಪಂದ್ಯ ಆಡಿದವರು ತಾವಾಗಿಯೇ ಮೇಲೆ ಬರುತ್ತಾರೆ. ಬರೀ ಪಂದ್ಯಕ್ಕೆ ಎಷ್ಟು ಗೋಲು ಎಂದು ನೋಡಿದರೆ ಒಂದೇ ಪಂದ್ಯ ಆಡಿ ಮೂರು ಗೋಲು ಹೊಡೆದವರು ಎಲ್ಲರನ್ನೂ ಹಿಂದಿಕ್ಕುತ್ತಾರೆ. ಎರಡೂ ತಪ್ಪು ಅಳತೆ.

ಯಾರನ್ನು ಪರಿಗಣಿಸಬೇಕು?

ಬೇಸ್‌ಬಾಲ್‌ನವರು ಇದಕ್ಕೆ ಒಂದು ಗೆರೆ ಎಳೆದಿದ್ದಾರೆ. ಋತುವಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯ ಕಿರೀಟ ಬೇಕಾದರೆ ತಂಡದ ಪಂದ್ಯವೊಂದಕ್ಕೆ ಸರಾಸರಿ 3.1 ಸಲದಂತೆ ಬ್ಯಾಟ್ ಹಿಡಿದು ನಿಂತಿರಬೇಕು. ಋತುವಿಗೆ 162 ಪಂದ್ಯ, ಅಂದರೆ 502 ಸಲ. ನಾಲ್ಕು ಸಲ ನಿಂತು ನಾಲ್ಕೂ ಸಲ ಹೊಡೆದವನ ಸರಾಸರಿ ನೂರಕ್ಕೆ ನೂರು ಇರಬಹುದು, ಕಿರೀಟ ಮಾತ್ರ ಇಲ್ಲ.

ನಮ್ಮ ಟೂರ್ನಿಗೆ ಒಪ್ಪುವ ಗೆರೆ: ನಾಲ್ಕು ಪಂದ್ಯ, ಮತ್ತು ತಂಡ ಕೊನೆಯ 32ರಲ್ಲಿ ಇರಬೇಕು. 396ರಿಂದ 32ಕ್ಕೆ ಇಳಿಯಲು ನಾಲ್ಕು ಸುತ್ತು. ಬೈ ಪಡೆದವರು ಅದರಲ್ಲಿ ಮೂರು ಆಡಿರುತ್ತಾರೆ, 32ರ ಸುತ್ತಿನ ಪಂದ್ಯ ಸೇರಿದರೆ ನಾಲ್ಕು. ಹೀಗೆ ಎರಡು ಷರತ್ತೂ ಒಂದನ್ನೊಂದು ತಬ್ಬಿಕೊಳ್ಳುತ್ತವೆ. ನಾಲ್ಕು ಸಾವಿರ ಜನರ ಪಟ್ಟಿ ಮುನ್ನೂರೈವತ್ತರ ಆಸುಪಾಸಿಗೆ ಬರುತ್ತದೆ.

ಇದರಿಂದ ಎರಡನೇ ಸುತ್ತಿನಲ್ಲೇ ಸೋತ ತಂಡದ ಒಳ್ಳೆಯ ಆಟಗಾರರಿಗೆ ಅನ್ಯಾಯವಾಗುತ್ತದೆ ಎಂಬ ಮಾತು ನಿಜ. ಅದಕ್ಕೆ ಪ್ರತ್ಯೇಕವಾಗಿ ‘ಬೇಗ ಹೊರಬಿದ್ದವರಲ್ಲಿ ಉತ್ತಮರು’ ಎಂದು ಮೂರು ನಾಲ್ಕು ಹೆಸರು ಹೇಳಬಹುದು. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡಿ ಎಲ್ಲರ ಚಪ್ಪಾಳೆ ಗಿಟ್ಟಿಸಿದ್ದಕ್ಕೂ ಬೇರೆಯದೇ ಬಹುಮಾನ ಇರಲಿ. ಅದನ್ನು ಹನ್ನೊಂದರ ಪಟ್ಟಿಗೆ ತುರುಕಿದರೆ ಎರಡರ ಬೆಲೆಯೂ ಕಡಿಮೆಯಾಗುತ್ತದೆ.

ಮೊದಲು ಜಾಗ, ಆಮೇಲೆ ಹೆಸರು

ತಂಡ ಎಂದ ಮೇಲೆ ಅದು ಮೈದಾನಕ್ಕಿಳಿದು ಆಡುವಂತಿರಬೇಕು. ಹಿಂದಿನವರು ಐದು ಫಾರ್ವರ್ಡ್, ಮೂರು ಹಾಫ್, ಎರಡು ಫುಲ್‌ಬ್ಯಾಕ್ ಎಂದು ನಿಲ್ಲುತ್ತಿದ್ದರು. ನಮ್ಮಲ್ಲಿ ಈಗಲೂ ‘ಸೆಂಟರ್ ಹಾಫ್’, ‘ರೈಟ್ ಇನ್’ ಎಂಬ ಮಾತು ಉಳಿದಿರುವುದು ಅದರಿಂದ. ಈಗಿನ ಆಟಕ್ಕೆ ಒಂದು ಕೀಪರ್, ನಾಲ್ಕು ಡಿಫೆಂಡರ್, ಮೂರು ಮಿಡ್‌ಫೀಲ್ಡರ್, ಮೂರು ಫಾರ್ವರ್ಡ್ ಎಂಬ ಹಂಚಿಕೆ ಸರಿಹೋಗುತ್ತದೆ. ಜತೆಗೆ ಐವರು ಬದಲಿ, ಅದರಲ್ಲಿ ಒಬ್ಬರು ಕೀಪರ್. ಒಟ್ಟು 16.

ಎಡ, ಬಲ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಹಾಕಿ ಸ್ಟಿಕ್‌ಗೆ ಚಪ್ಪಟೆ ಮುಖ ಒಂದೇ ಕಡೆ, ಎಡಗೈ ಆಟಗಾರರಿಗೆಂದು ಬೇರೆ ಸ್ಟಿಕ್ ಇಲ್ಲ. ಹಾಗಾಗಿ ಎಡಬದಿಯಲ್ಲಿ ಆಡುವವರಿಗೆ ರಿವರ್ಸ್ ಸ್ಟಿಕ್ (ಸ್ಟಿಕ್ ತಿರುಗಿಸಿ ಹಿಡಿದು ಆಡುವುದು) ಪಳಗಿರಬೇಕು, ಬಲಬದಿಯವರ ಕೆಲಸವೇ ಬೇರೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಬಲಬದಿಯಲ್ಲಿ ಓಡುತ್ತಿದ್ದ ವೇಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಬದಿಯ ಮೂವರು ಫಾರ್ವರ್ಡ್‌ಗಳನ್ನು ಒಟ್ಟಿಗೆ ಆರಿಸಿದರೆ ಅದು ಪಟ್ಟಿ ಆಗಬಹುದು, ತಂಡ ಆಗುವುದಿಲ್ಲ. ಆಟಗಾರರು ಆಡಿದ ಪಂದ್ಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾವ ಜಾಗದಲ್ಲಿ ಆಡಿದ್ದಾರೋ ಆ ಜಾಗಕ್ಕೇ ಸ್ಪರ್ಧಿ ಎಂಬ ನಿಯಮ ಇಟ್ಟುಕೊಳ್ಳಿ. ಕುಟುಂಬ ತಂಡಗಳಲ್ಲಿ ಒಬ್ಬರೇ ಒಂದು ದಿನ ಬ್ಯಾಕ್, ಮರುದಿನ ಫಾರ್ವರ್ಡ್ ಆಗುವುದು ಮಾಮೂಲು. ಈ ನಿಯಮ ಇಲ್ಲದಿದ್ದರೆ ‘ಅವರನ್ನು ಹೇಗಾದರೂ ಒಳಗೆ ಸೇರಿಸೋಣ’ ಎಂಬ ಕಸರತ್ತು ನಡೆಯುತ್ತದೆ.

ಏನನ್ನು ಬರೆದಿಡಬೇಕು?

ಮೈದಾನದ ಪಕ್ಕ ಇಬ್ಬರು ಬೇಕು. ಒಬ್ಬರು ಚೆಂಡಿನಿಂದ ಕಣ್ಣು ತೆಗೆಯದೆ ಬಾಯಲ್ಲಿ ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ. ಒಬ್ಬರೇ ಎರಡೂ ಮಾಡಹೊರಟರೆ ತಲೆ ತಗ್ಗಿಸಿದ ಹೊತ್ತಿಗೇ ಗೋಲಾಗುತ್ತದೆ. ಹಾಳೆಯಲ್ಲಿ ಒಂದು ಘಟನೆಗೆ ಒಂದು ಸಾಲು: ನಿಮಿಷ, ತಂಡ, ಜೆರ್ಸಿ ಸಂಖ್ಯೆ, ಏನಾಯಿತು. ಹೆಸರಿನ ಬದಲು ಕುಟುಂಬ ಮತ್ತು ಸಂಖ್ಯೆ ಬರೆಯುವುದೇ ಒಳ್ಳೆಯದು. ಪೊನ್ನಪ್ಪ, ಪೂಣಚ್ಚ, ಬೋಪಣ್ಣ ಎಂದು ಕೂಗಿದರೆ ಗ್ಯಾಲರಿಯಲ್ಲಿ ಹತ್ತು ಜನ ತಿರುಗಿ ನೋಡುವ ನಾಡು ಇದು.

395 ಪಂದ್ಯಕ್ಕೂ ಪೂರ್ಣ ವಿವರ ಬರೆಯುವಷ್ಟು ಜನ ಯಾರ ಬಳಿಯೂ ಇರುವುದಿಲ್ಲ. ಮೊದಲ ಸುತ್ತುಗಳಲ್ಲಿ ಗೋಲು, ಕಾರ್ಡು, ಕೀಪರ್ ಎದುರಿಸಿದ ಹೊಡೆತ, ಇಷ್ಟು ಮೂರೇ ಸಾಕು. ಕೊನೆಯ 32ರಿಂದ ಫೈನಲ್‌ವರೆಗೆ ಇರುವುದು 31 ಪಂದ್ಯ. ಅಲ್ಲಿ ಮಾತ್ರ ಎಲ್ಲವನ್ನೂ ಬರೆಯಿರಿ.

ಗೋಲುಗಳನ್ನು ಮೂರು ಕಂಬಸಾಲಿನಲ್ಲಿ (ಕಾಲಮ್) ಬೇರೆ ಬೇರೆ ಇಡಬೇಕು: ಆಟದ ನಡುವೆ ಬಂದ ಫೀಲ್ಡ್ ಗೋಲು, ಎದುರಾಳಿಯ ತಪ್ಪಿಗೆ ಸಿಗುವ, ಗೋಲ್‌ಲೈನ್‌ನಿಂದ ಚೆಂಡು ತಳ್ಳಿ ಶುರುವಾಗುವ ಪೆನಾಲ್ಟಿ ಕಾರ್ನರ್‌ನ ಗೋಲು, ಕೀಪರ್ ಒಬ್ಬರನ್ನೇ ಎದುರಿಸಿ ಹೊಡೆಯುವ ಪೆನಾಲ್ಟಿ ಸ್ಟ್ರೋಕ್‌ನ ಗೋಲು. ಏಕೆ? ಕಾರ್ನರ್‌ನಲ್ಲಿ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್ಕರ್ ಅನೇಕ ಸಲ ಡಿಫೆಂಡರ್ ಆಗಿರುತ್ತಾರೆ. ಕೊಡಗಿನವರೇ ಆದ ವಿ.ಆರ್. ರಘುನಾಥ್ ಭಾರತಕ್ಕೆ ಆಡಿದ್ದು ಫುಲ್‌ಬ್ಯಾಕ್ ಆಗಿ, ಹೆಸರು ಮಾಡಿದ್ದು ಡ್ರ್ಯಾಗ್ ಫ್ಲಿಕ್‌ನಿಂದ. ಹಾಗಾಗಿ ‘ಅತಿ ಹೆಚ್ಚು ಗೋಲು ಹೊಡೆದವರು ಉತ್ತಮ ಫಾರ್ವರ್ಡ್’ ಎಂಬ ತರ್ಕ ಹಾಕಿಯಲ್ಲಿ ನಿಲ್ಲುವುದಿಲ್ಲ. ಫ್ಲಿಕ್ಕರನ್ನು ಅಳೆಯುವಾಗ ಎಷ್ಟು ಗೋಲು ಎಂಬುದರ ಜತೆ ಎಷ್ಟು ಕಾರ್ನರ್‌ಗೆ ಎಷ್ಟು ಗೋಲು ಎಂದೂ ನೋಡಬೇಕು. 30 ಕಾರ್ನರ್‌ನಲ್ಲಿ 6 ಗೋಲು ಅಂದರೆ ನೂರಕ್ಕೆ 20. 12ರಲ್ಲಿ 5 ಅಂದರೆ ನೂರಕ್ಕೆ ಸುಮಾರು 42. ಗೋಲು ಒಂದು ಕಡಿಮೆ, ಕೈ ಮಾತ್ರ ಎರಡನೆಯವರದೇ ಮೇಲು. ಕಾರ್ನರ್ ಗಿಟ್ಟಿಸಿಕೊಟ್ಟವರನ್ನೂ ಚೆಂಡು ತಳ್ಳಿಕೊಟ್ಟವರನ್ನೂ ನಿಲ್ಲಿಸಿದವರನ್ನೂ ಬರೆದುಕೊಳ್ಳಿ.

ಚೆಂಡು ಯಾರ್ಯಾರದೋ ಸ್ಟಿಕ್‌ಗೆ ತಾಗಿ ಒಳಗೆ ಹೋದಾಗ ಗೋಲು ಯಾರ ಖಾತೆಗೆ? ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ‘ಡಿ’ ಒಳಗೆ ಚೆಂಡನ್ನು ಕೊನೆಯದಾಗಿ ಮುಟ್ಟಿದ ದಾಳಿಗಾರರ ಖಾತೆಗೆ. ದಾಳಿಗಾರರ ಸ್ಟಿಕ್ ‘ಡಿ’ ಒಳಗೆ ಮುಟ್ಟದೇ ಇದ್ದರೆ ಅದು ಗೋಲೇ ಅಲ್ಲ. ಸಮಬಲವಾದ ಮೇಲೆ ನಡೆಯುವ ಶೂಟೌಟ್‌ನ ಗೋಲುಗಳನ್ನು ಈ ಮೂರೂ ಕಂಬಸಾಲಿಗೆ ಸೇರಿಸಬೇಡಿ. ಅದು ಪಂದ್ಯ ಬಗೆಹರಿಸುವ ಉಪಾಯ, ಆಟದ ಗೋಲಲ್ಲ.

ಡಿಫೆಂಡರ್‌ಗಳ ಲೆಕ್ಕವೇ ಕಷ್ಟದ್ದು, ಅವರ ಒಳ್ಳೆಯ ಕೆಲಸವೆಲ್ಲ ನಡೆಯದೇ ಹೋದ ಗೋಲುಗಳಲ್ಲಿ ಅಡಗಿರುತ್ತದೆ. ನಡುವೆ ಹೊಕ್ಕು ಚೆಂಡು ಕಸಿದದ್ದು, ಟ್ಯಾಕಲ್ ಗೆದ್ದದ್ದು ಒಂದು ಕಡೆ. ಎದುರಾಳಿಗೆ ಬಿಟ್ಟುಕೊಟ್ಟ ಕಾರ್ನರ್, ಪಡೆದ ಕಾರ್ಡು ಇನ್ನೊಂದು ಕಡೆ. ಹಸಿರು ಕಾರ್ಡು ಎಂದರೆ ಎರಡು ನಿಮಿಷ, ಹಳದಿ ಎಂದರೆ ಕನಿಷ್ಠ ಐದು ನಿಮಿಷ ತಂಡ ಹತ್ತು ಜನರಲ್ಲಿ ಆಡಬೇಕು. ಟೂರ್ನಿಯಲ್ಲಿ ಮೂರು ಹಳದಿ ಕಂಡವರು ತಂಡಕ್ಕೆ ಕನಿಷ್ಠ ಹದಿನೈದು ನಿಮಿಷ ದಂಡ ಕಟ್ಟಿಸಿದ್ದಾರೆ ಎಂದೇ ಓದಿಕೊಳ್ಳಿ.

ಔಟ್‌ಟರ್ನ್ ನೋಡಿದ ಹಾಗೆ ಅಂಕಿ ನೋಡುವುದು

ಕಾಫಿ ವ್ಯಾಪಾರಿ ಚೆರಿ ಕಾಫಿಗೆ (ಸಿಪ್ಪೆಸಮೇತ ಒಣಗಿಸಿದ ಹಣ್ಣು) ಬೆಲೆ ಕಟ್ಟುವ ಬಗೆ ನೆನಪಿಸಿಕೊಳ್ಳಿ. 50 ಕೆ.ಜಿ. ಚೀಲಕ್ಕೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಎಂಬುದೇ ಔಟ್‌ಟರ್ನ್. ಒಂದು ಚೀಲದ ಮೇಲಿನ ಒಂದು ಹಿಡಿ ನೋಡಿ ಇಡೀ ಲೋಡಿಗೆ ಬೆಲೆ ಹೇಳಿದರೆ ಬೆಳೆಗಾರರು ಒಪ್ಪುವುದಿಲ್ಲ. ಹಲವು ಚೀಲಗಳಿಂದ ಮಾದರಿ ತೆಗೆಯಬೇಕು, ತೇವಾಂಶ ಎಷ್ಟಿದೆ ಎಂದೂ ನೋಡಬೇಕು. ಆಟಗಾರರ ಅಂಕಿಗೂ ಇದೇ ಎರಡು ಪರೀಕ್ಷೆ: ಮಾದರಿ ಸಾಕಷ್ಟು ದೊಡ್ಡದೇ, ಮತ್ತು ಅದರಲ್ಲಿ ‘ತೇವ’ ಎಷ್ಟು.

ಮಾದರಿ ಚಿಕ್ಕದಾಗಿದ್ದರೆ ಸರಾಸರಿಯನ್ನು ಬೆರೆಸುವುದು ಉಪಾಯ. ಉದಾಹರಣೆಗೆ, ಫಾರ್ವರ್ಡ್‌ಗಳ ಸಾಮಾನ್ಯ ಸರಾಸರಿ ಪಂದ್ಯಕ್ಕೆ ಅರ್ಧ ಗೋಲು ಎಂದುಕೊಳ್ಳೋಣ. ಪ್ರತಿಯೊಬ್ಬರ ಖಾತೆಗೂ ನಾಲ್ಕು ‘ಸಾಮಾನ್ಯ’ ಪಂದ್ಯ ಸೇರಿಸಿ, ಅಂದರೆ 4 ಪಂದ್ಯ, 2 ಗೋಲು. ಒಂದೇ ಪಂದ್ಯದಲ್ಲಿ 3 ಗೋಲು ಹೊಡೆದವರದು 3.0 ಇದ್ದದ್ದು, 5 ಪಂದ್ಯಕ್ಕೆ 5 ಗೋಲು ಆಗಿ 1.0ಕ್ಕೆ ಇಳಿಯುತ್ತದೆ. 8 ಪಂದ್ಯದಲ್ಲಿ 11 ಗೋಲು ಹೊಡೆದವರದು 1.38 ಇದ್ದದ್ದು, 12 ಪಂದ್ಯಕ್ಕೆ 13 ಗೋಲು ಆಗಿ 1.08ರಲ್ಲಿ ನಿಲ್ಲುತ್ತದೆ. ಹೆಚ್ಚು ಆಡಿ ತೋರಿಸಿದವರ ಅಂಕಿ ಅಲುಗುವುದು ಸ್ವಲ್ಪ, ಒಂದೇ ದಿನ ಮಿಂಚಿದವರದು ಹೆಚ್ಚು. ಅವರ ಆಟವನ್ನು ಹೀಗಳೆದಂತೆ ಅಲ್ಲ, ಅದು ಮತ್ತೆ ಮತ್ತೆ ಬರುತ್ತದೆ ಎಂದು ನಂಬಲು ಇನ್ನೂ ಸಾಕ್ಷಿ ಬೇಕು ಎಂದಷ್ಟೇ ಅರ್ಥ. ನಾಲ್ಕು ಪಂದ್ಯದ ಗೆರೆ ದಾಟಿದವರ ನಡುವೆಯೂ ಈ ಬೆರಕೆ ಉಪಯೋಗಕ್ಕೆ ಬರುತ್ತದೆ.

ಇನ್ನು ‘ತೇವ’. ಮೊದಲ ಸುತ್ತಿನಲ್ಲಿ ಪಳಗಿದ ತಂಡವೊಂದು ಅಪರೂಪಕ್ಕೆ ಸ್ಟಿಕ್ ಹಿಡಿದವರ ತಂಡವನ್ನು ಎದುರಿಸಿದಾಗ ಗೋಲಿನ ಮಳೆ ಸುರಿಯುತ್ತದೆ. ಅದಕ್ಕೊಂದು ಸರಳ ಮಿತಿ: ತಂಡ ಆಗಲೇ ನಾಲ್ಕು ಗೋಲು ಮುಂದಿದ್ದರೆ ಆಮೇಲಿನ ಪ್ರತಿ ಗೋಲಿಗೆ ಅರ್ಧ ಬೆಲೆ. ಮುಂದಿನ ಸುತ್ತುಗಳಿಗೆ ಸ್ವಲ್ಪ ಹೆಚ್ಚು ತೂಕ ಕೊಡಬಹುದು: 32 ಮತ್ತು 16ರ ಸುತ್ತಿಗೆ ಒಂದೂಕಾಲು, ಕ್ವಾರ್ಟರ್ ಫೈನಲ್‌ನಿಂದ ಒಂದೂವರೆ. ಇನ್ನೂ ಹೆಚ್ಚಿಸಿದರೆ ಫೈನಲ್ ಆಡಿದ ಎರಡು ತಂಡಗಳೇ ಪಟ್ಟಿಯನ್ನು ತುಂಬಿಕೊಳ್ಳುತ್ತವೆ.

ಮೈದಾನವನ್ನೂ ಮರೆಯಬಾರದು. ಅಮೆರಿಕದ ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು, ಹೊಡೆದ ಬೇಸ್‌ಬಾಲ್ ದೂರ ಹಾರುತ್ತದೆ, ಹಾಗಾಗಿ ಅಲ್ಲಿನ ಬ್ಯಾಟರ್‌ಗಳ ಅಂಕಿಯನ್ನು ಕಡಿಮೆ ಮಾಡಿ ಓದುವುದು ವಾಡಿಕೆ. ನಮ್ಮಲ್ಲಿ ಗಾಳಿಯ ತೊಂದರೆಯಿಲ್ಲ, ನೆಲದ್ದು ಉಂಟು. ಏಪ್ರಿಲ್, ಮೇ ತಿಂಗಳ ಸಂಜೆ ಒಂದು ಮಳೆ ಬಿದ್ದರೆ ಮಣ್ಣಿನ ಮೈದಾನದಲ್ಲಿ ಚೆಂಡು ಅಂಟಿಕೊಳ್ಳುತ್ತದೆ, ಒಣಗಿದ ಮೇಲೆ ಪುಟಿಯುತ್ತದೆ. ಒಂದೇ ಟೂರ್ನಿಗೆ ಎರಡು ಮೂರು ಮೈದಾನ ಬಳಸಿದಾಗ ಯಾವ ಮೈದಾನದಲ್ಲಿ ಪಂದ್ಯಕ್ಕೆ ಸರಾಸರಿ ಎಷ್ಟು ಗೋಲು ಬಂತು ಎಂದು ಬರೆದಿಟ್ಟು, ಅದನ್ನು ನೋಡಿಕೊಂಡೇ ಹೋಲಿಸಿ.

ಗೋಲ್‌ಕೀಪರ್‌ಗೆ ಬೇರೆ ತಕ್ಕಡಿ

‘ಒಂದೂ ಗೋಲು ಬಿಟ್ಟಿಲ್ಲ’ ಎಂಬ ಮಾತು ಕೀಪರ್ ಬಗ್ಗೆ ಹೇಳುವುದಕ್ಕಿಂತ ಅವರ ಮುಂದಿನ ಡಿಫೆಂಡರ್‌ಗಳ ಬಗ್ಗೆ ಹೇಳುವುದೇ ಹೆಚ್ಚು. ಒಬ್ಬ ಕೀಪರ್‌ಗೆ ನಾಲ್ಕು ಪಂದ್ಯದಲ್ಲಿ ಬಂದದ್ದು ನಾಲ್ಕೇ ಹೊಡೆತ, ಬಿಟ್ಟದ್ದು ಒಂದು. ಇನ್ನೊಬ್ಬರಿಗೆ ಐದು ಪಂದ್ಯದಲ್ಲಿ 40 ಹೊಡೆತ, ಬಿಟ್ಟದ್ದು ಎಂಟು. ಬಿಟ್ಟ ಗೋಲು ನೋಡಿದರೆ ಮೊದಲನೆಯವರು ಉತ್ತಮ. ತಡೆದ ಪ್ರಮಾಣ ನೋಡಿದರೆ ನೂರಕ್ಕೆ 75 ಒಬ್ಬರದು, 80 ಇನ್ನೊಬ್ಬರದು. 40 ಹೊಡೆತಗಳ 80ರಲ್ಲಿ ನಂಬಿಕೆಯೂ ಹೆಚ್ಚು. ಗುರಿಯತ್ತ ಬಂದ ಹೊಡೆತವನ್ನು ಮಾತ್ರ ಎಣಿಸಬೇಕು. ಕಂಬದ ಹೊರಗೆ ಹೋದದ್ದನ್ನು ‘ತಡೆದರು’ ಎಂದು ಬರೆಯುವುದು ಹೊಸ ಸ್ಕೋರರ್‌ಗಳ ಸಾಮಾನ್ಯ ತಪ್ಪು. ಶೂಟೌಟ್‌ನಲ್ಲಿ ತಡೆದದ್ದನ್ನು ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟು, ಇಬ್ಬರು ಸಮಬಲವಾದಾಗ ಮಾತ್ರ ತೆರೆಯಿರಿ.

ಅಂಕಿ ಜರಡಿ, ಆಯ್ಕೆ ಕಣ್ಣಿನದು

ಅಂಕಿಯೊಂದರಿಂದಲೇ ತಂಡ ಕಟ್ಟಬಾರದು. ಸೆಂಟರ್ ಹಾಫ್ ಇಡೀ ಆಟದ ಲಯ ಹಿಡಿದಿಡುವುದು ಯಾವ ಕಂಬಸಾಲಿನಲ್ಲೂ ಕೂರುವುದಿಲ್ಲ. ಅಂಕಿಯಿಂದ ಪ್ರತಿ ಜಾಗಕ್ಕೆ ನಾಲ್ವರನ್ನು ಸೋಸಿ ತೆಗೆದು, ಅವರಲ್ಲಿ ಯಾರು ಎಂಬುದನ್ನು ಏಳು ಜನರ ಸಮಿತಿಗೆ ಬಿಡುವುದು ವಾಸಿ. ಸಮಿತಿಯವರು ಪಂದ್ಯ ನೋಡಿದ ದಿನವೇ ಹತ್ತಕ್ಕೆ ಅಂಕ ಬರೆದಿಟ್ಟಿರಬೇಕು. ಕೊನೆಗೆ ಕೂತು ನೆನಪಿನಿಂದ ಬರೆದರೆ ಕಿಕ್ಕಿರಿದ ಗ್ಯಾಲರಿಯ ಎದುರು ನಡೆದ ಫೈನಲ್ ಮಾತ್ರ ಕಣ್ಣಿಗೆ ಕಟ್ಟುತ್ತದೆ, ಬೆಳಿಗ್ಗೆ ಎಂಟು ಗಂಟೆಗೆ ಇಪ್ಪತ್ತು ಜನ ನೋಡಿದ ಪಂದ್ಯ ಮರೆತುಹೋಗಿರುತ್ತದೆ.

ಸ್ವಂತ ಕುಟುಂಬದವರಿಗೆ ಅಂಕ ಕೊಡಬಾರದು ಎಂಬ ನಿಯಮ ಇರಲೇಬೇಕು. ತಾಯಿಯ ತವರು, ಹೆಂಡತಿಯ ಮನೆ, ಅಕ್ಕನನ್ನು ಕೊಟ್ಟ ಮನೆ ಎಂದು ಲೆಕ್ಕ ಹಿಡಿದರೆ ಮಾತ್ರ ಅಂಕ ಕೊಡಲು ಕೊಡಗಿನಲ್ಲಿ ಯಾರೂ ಉಳಿಯುವುದಿಲ್ಲ. ಅದಕ್ಕೆ ಡೈವಿಂಗ್ ಸ್ಪರ್ಧೆಗಳ ಉಪಾಯ ಎರವಲು ಪಡೆಯಿರಿ: ಅಲ್ಲಿ ಮೇಲಿನ, ಕೆಳಗಿನ ಅಂಕಗಳನ್ನು ಕೈಬಿಡುತ್ತಾರೆ. ನಾವು ಮೇಲಿನ ಒಂದು, ಕೆಳಗಿನ ಒಂದು ಬಿಟ್ಟು ಉಳಿದದ್ದರ ಸರಾಸರಿ ತೆಗೆದರೆ ಸಾಕು. ಏಳು ಜನ 6, 6, 7, 6, 7, 6, 10 ಕೊಟ್ಟರೆ ಪೂರ್ತಿ ಸರಾಸರಿ 6.86. ಒಂದು 10, ಒಂದು 6 ಬಿಟ್ಟರೆ 6.4. ಯಾರೋ ಒಬ್ಬರ ಮಮತೆಗೆ ಅರ್ಧ ಅಂಕದಷ್ಟು ಬೆಲೆ ಇತ್ತು ಎಂದಾಯಿತು, ಬಿಗಿ ಸ್ಪರ್ಧೆಯಲ್ಲಿ ಅಷ್ಟೇ ಸಾಕು.

ಹಾಗಾದರೆ ಜನರೇ ಮತ ಹಾಕಲಿ ಎನ್ನುವವರು 1957ರ ಬೇಸ್‌ಬಾಲ್ ಕತೆ ಕೇಳಬೇಕು. ಆ ವರ್ಷ ಸಿನ್ಸಿನಾಟಿ ನಗರದ ಅಭಿಮಾನಿಗಳು ಪತ್ರಿಕೆಯ ಮತಪತ್ರಗಳನ್ನು ರಾಶಿರಾಶಿಯಾಗಿ ಕಳಿಸಿ ತಮ್ಮ ತಂಡದ ಏಳು ಮಂದಿಯನ್ನು ನ್ಯಾಷನಲ್ ಲೀಗ್‌ನ ಆಲ್ ಸ್ಟಾರ್ ತಂಡದ ಆರಂಭಿಕ ಆಟಗಾರರಾಗಿ ಗೆಲ್ಲಿಸಿಬಿಟ್ಟರು. ಬೇಸ್‌ಬಾಲ್ ಆಯುಕ್ತ ಫೋರ್ಡ್ ಫ್ರಿಕ್ ಇಬ್ಬರನ್ನು ಆ ಜಾಗದಿಂದ ತೆಗೆದು ಹ್ಯಾಂಕ್ ಆರನ್, ವಿಲ್ಲಿ ಮೇಸ್ ಅವರನ್ನು ಹಾಕಬೇಕಾಯಿತು. ಮರುವರ್ಷದಿಂದ ಮತದ ಹಕ್ಕನ್ನೇ ಕಸಿದುಕೊಂಡರು. ಅದು ಅಭಿಮಾನಿಗಳಿಗೆ ಮರಳಿ ಸಿಕ್ಕಿದ್ದು 1970ರಲ್ಲಿ. ಮೊಬೈಲ್ ಲಿಂಕ್ ಹಾಕಿ ಮತ ಕೇಳಿದರೆ ನಮ್ಮಲ್ಲೂ ಗೆಲ್ಲುವುದು ದೊಡ್ಡ ವಾಟ್ಸಾಪ್ ಗುಂಪಿರುವ ಕುಟುಂಬವೇ. ಜನರ ಮತಕ್ಕೆ ಒಂದು ‘ಜನಮೆಚ್ಚಿದ ಆಟಗಾರ’ ಬಹುಮಾನ ಮೀಸಲಿಟ್ಟರೆ ಸಾಕು.

ಪ್ರತಿ ತಂಡದಿಂದ ಒಬ್ಬರಾದರೂ ಇರಬೇಕು ಎಂಬುದು ಮೂವತ್ತು ತಂಡಗಳ ಆ ಬೇಸ್‌ಬಾಲ್‌ನ ನಿಯಮ. 396 ತಂಡಗಳಿಗೆ ಅದು ಆಗದ ಮಾತು. ಅದರ ಬದಲು ಒಂದು ಕುಟುಂಬದಿಂದ ಹನ್ನೊಂದರಲ್ಲಿ ಮೂವರಿಗಿಂತ ಹೆಚ್ಚು ಬೇಡ ಎಂದು ಮಿತಿ ಹಾಕಬಹುದು. ಕಪ್ ಗೆದ್ದವರಿಗೆ ಇದು ಕಹಿ ಎನಿಸೀತು. ಅವರ ಕೈಯಲ್ಲಿ ಆಗಲೇ ಕಪ್ ಇದೆ.

ಪ್ರಕಟಿಸುವ ಮುಂಚೆ ಕೊನೆಯ ತಪಾಸಣೆ

ಹನ್ನೊಂದು ಹೆಸರು ಕೂಡಿದ ಮೇಲೆ ಒಂದು ಪೆನಾಲ್ಟಿ ಕಾರ್ನರ್ ಸಿಕ್ಕಿತು ಎಂದುಕೊಳ್ಳಿ. ತಳ್ಳುವವರು ಯಾರು, ನಿಲ್ಲಿಸುವವರು ಯಾರು, ಹೊಡೆಯುವವರು ಯಾರು? ಮೂವರು ಫ್ಲಿಕ್ಕರ್‌ಗಳಿದ್ದು ಚೆಂಡು ತಳ್ಳಿಕೊಡಲು ಬಲ್ಲವರೇ ಇಲ್ಲದ ಪಟ್ಟಿಗಳು ಬೇಕಾದಷ್ಟು. ಎದುರಾಳಿಗೆ ಕಾರ್ನರ್ ಸಿಕ್ಕಿದರೆ ಕೀಪರ್ ಜತೆ ಗೋಲ್‌ಲೈನ್ ಹಿಂದೆ ನಿಲ್ಲುವ ನಾಲ್ವರು ಯಾರು? ಎಡಬದಿಯ ಡಿಫೆಂಡರ್ ನಿಜವಾಗಿ ಎಡಬದಿಯವರೇ? ಇಲ್ಲಿ ಸಿಕ್ಕಿಬಿದ್ದರೆ ಅದೇ ಜಾಗದ ಎರಡನೆಯ ಹೆಸರನ್ನು ಮೇಲೆ ತನ್ನಿ.

ಇಬ್ಬರು ಸಮಬಲವಾದರೆ ಯಾವ ಕ್ರಮದಲ್ಲಿ ಬಿಡಿಸಬೇಕು ಎಂಬುದೂ ಟೂರ್ನಿ ಶುರುವಾಗುವ ಮುಂಚೆಯೇ ಬರೆದಿರಲಿ: ಮೊದಲು ಕ್ವಾರ್ಟರ್ ಫೈನಲ್‌ನಿಂದ ಈಚೆಯ ಅಂಕ, ಆಮೇಲೆ ಕಡಿಮೆ ಕಾರ್ಡು, ಆಮೇಲೆ ಹೆಚ್ಚು ಪಂದ್ಯ. ಕರಡು ಪಟ್ಟಿ ಹೊರಬಿಟ್ಟು ಎರಡು ದಿನ ಆಕ್ಷೇಪಣೆಗೆ ಅವಕಾಶ ಕೊಡಿ, ಆದರೆ ಅಂಕಿಯ ತಪ್ಪಿಗೆ ಮಾತ್ರ. ‘16ನೇ ನಂಬರ್‌ನವರ ಗೋಲು 18ರ ಖಾತೆಗೆ ಹೋಗಿದೆ’ ಎಂದರೆ ತಿದ್ದಬೇಕು. ‘ನಮ್ಮ ಹುಡುಗ ಎಷ್ಟು ಚೆನ್ನಾಗಿ ಆಡಿದ’ ಎಂಬ ಮಾತಿಗೆ ಕಾಫಿ ಕೊಟ್ಟು ಕಳಿಸಬೇಕು. ಪ್ರತಿ ಹೆಸರಿನ ಮುಂದೆ ಆಡಿದ ಪಂದ್ಯ, ಜಾಗ, ಆಯ್ಕೆಗೆ ಕಾರಣವಾದ ಒಂದು ಅಂಕಿ ಇರಲಿ. ಇದೇ ಕ್ರಮ, ಕಂಬಸಾಲುಗಳನ್ನು ಬದಲಾಯಿಸಿಕೊಂಡರೆ, ಗೌಡ ಕುಟುಂಬಗಳ ಕ್ರಿಕೆಟ್‌ಗೂ ನಡೆಯುತ್ತದೆ.

ಹಾಳೆಗಳನ್ನು ಎಸೆಯಬೇಡಿ. ಹಾಕಿ ಹಬ್ಬದ ಹೊಣೆ ಪ್ರತಿ ವರ್ಷ ಬೇರೆ ಕುಟುಂಬದ್ದು. ಫಾರ್ವರ್ಡ್‌ಗಳ ಸಾಮಾನ್ಯ ಸರಾಸರಿ ಎಷ್ಟು, ಯಾವ ಮೈದಾನದಲ್ಲಿ ಎಷ್ಟು ಗೋಲು ಎಂಬ ಲೆಕ್ಕ ಮುಂದಿನ ವರ್ಷದವರಿಗೆ ಮೊದಲ ದಿನದಿಂದಲೇ ಬೇಕಾಗುತ್ತದೆ. ಫೈಲು ಕಟ್ಟಿ ಅವರಿಗೆ ದಾಟಿಸಿ.